ಏರಿ ಬುಡಕ್ಕೆ ಆರು ಬಾಂಡ್ಲಿ ಜೇಡಿ

ಮೂರನೇ ಬಾಂಡ್ಲಿ ಜೇಡಿಮಣ್ಣು ಸುರಿದು ಹಿಮ್ಮಡೀಲಿ ತುಳೀತಾ ಇದ್ದೆ. ನೀರು ಇನ್ನೂ ಕಾಲ್ಬೆರಳ ಸಂದೀಲಿ ಜಿನುಗ್ತಾನೇ ಇತ್ತು. ಮಧ್ಯಾಹ್ನ ಊಟದ ಹೊತ್ತು. ಬೋಟಿಗೆ ಬಂದಿದ್ದ ಜನ ಎಲ್ಲ ಮೇಲೆ ಹೋಂಸ್ಟೇಲಿ ಎಲೆ ಮುಂದೆ ಕೂತಿದ್ರು. ಡ್ಯಾಂ ನೋಡ್ಕೊಳ್ಳಕ್ಕೆ ಅಂತ ಹೊಸದಾಗಿ ಬಂದಿದ್ದ ಹುಡುಗ, ಮೆಣಸೆ ಊರಿನೋನು, ಲೈಫ್ ಜಾಕೆಟ್ ತರಕ್ಕೆ ಕೊಪ್ಪಕ್ಕೆ ಹೋಗಿದ್ದ. ಮೂರು ಗಂಟೆ ಬಸ್ಸಿಗೆ ವಾಪಸ್ ಬರ್ತಾನೆ. ಅಷ್ಟ್ರೊಳಗೆ ಮುಗೀಬೇಕು.

ಡ್ಯಾಮಿನ ಏರಿ ಹಿಂದೆ, ಬುಡದಲ್ಲಿ, ಒಂದು ಒಸರು ಇತ್ತು. ಕಿರುಬೆರಳು ಗಾತ್ರದ ನೀರು. ಅವನು ಅದಕ್ಕೊಂದು ಪೈಪಿನ ತುಂಡು ಸಿಗಿಸಿದ್ದ. ದಿನಾ ಬೆಳಿಗ್ಗೆ ಅದರ ಕೆಳಗೆ ಒಂದು ಲೀಟರ್ ಬಾಟ್ಲಿ ಹಿಡ್ದು, ವಾಚ್ ನೋಡಿ, ಎಷ್ಟು ಹೊತ್ತಿಗೆ ತುಂಬ್ತು ಅಂತ ಪುಸ್ತಕದಲ್ಲಿ ಬರೀತಿದ್ದ. ಆ ಬಾಟ್ಲಿ ನಾಳೆ ತುಂಬಬಾರ್ದು. ನಂಗೆ ಬೇಕಾಗಿದ್ದು ಅಷ್ಟೇ.

ಪೈಪ್ ಕಿತ್ತೆ. ತೂತಿಗೆ ಮೊಣಕೈ ತನಕ ಕೈ ಹಾಕಿ ಸೊಪ್ಪು ತುರುಕಿದೆ. ಮೇಲಿಂದ ಜೇಡಿ. ದೊಣ್ಣೇಲಿ ಬಡ್ದೆ, ಕಾಲಲ್ಲಿ ತುಳ್ದೆ. ಒಟ್ಟು ಆರು ಬಾಂಡ್ಲಿ ಹೋಯ್ತು. ಆರನೇದಕ್ಕೆ ನೀರು ನಿಲ್ತು. ಪೈಪನ್ನ ಮೊದ್ಲಿದ್ದ ಹಂಗೇ ಸಿಗಿಸಿ, ಹುಲ್ಲಿನ ಹೆಂಟೆ ತಂದು ಮುಚ್ಚಿ, ಮೇಲೆ ಒಣಗಿದ ಎಲೆ ದರಗು ಹರಡಿದೆ. ಹಳ್ಳದಲ್ಲಿ ಕೈ ಕಾಲು ತೊಳ್ಕೊಂಡು ಬೋಟ್ ಹತ್ರ ಹೋಗಿ ಕೂತೆ. ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಗಿತ್ತು.

ಯಾಕೆ ಹಂಗೆ ಮಾಡ್ದೆ ಅಂತ ಹೇಳ್ತೀನಿ.

ಈ ಡ್ಯಾಂ ಸರ್ಕಾರದ್ದಲ್ಲ. ಕೊಪ್ಪದಿಂದ ಎನ್.ಆರ್.ಪುರದ ಕಡೆ ಹೋಗೋ ರಸ್ತೇಲಿ ಇಳಿದು ಎರಡು ಮೈಲಿ ಒಳಗೆ ಹೋದ್ರೆ ನಮ್ಮ ಸಾಹುಕಾರ್ರ ಎಸ್ಟೇಟು. ಅವರ ಅಪ್ಪನ ಕಾಲದಲ್ಲಿ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕ್ಸಿದ್ರು, ಕಾಫಿಗೆ ನೀರು ಹೊಡಿಯಕ್ಕೆ. ಮೂರಾಳು ಎತ್ತರ. ನೀರಿನ ಕಡೆ ಕಲ್ಲು ಹಾಸಿದೆ, ಹಿಂದೆ ಬರೀ ಹುಲ್ಲು. ಆಮೇಲೆ ಶೃಂಗೇರಿಗೆ ಬಂದ ಜನ ಹಂಗೇ ಸಾಹುಕಾರ್ರ ಹೋಂಸ್ಟೇಗೂ ಬರಕ್ಕೆ ಶುರುವಾದ್ರು. ಸಾಹುಕಾರ್ರು ನಾಲ್ಕು ಪೆಡಲ್ ಬೋಟ್ ತಂದು ನೀರಿಗೆ ಬಿಟ್ರು. ಭಾನುವಾರ ಕೊಪ್ಪದಿಂದಲೂ ಜನ ಬರ್ತಿದ್ರು. ಮೊಬೈಲಿಗೆ ರೇಂಜ್ ಸಿಗ್ತಿದ್ದಿದ್ದು ಏರಿ ಮೇಲೆ ಮಾತ್ರ. ಹಂಗಾಗಿ ಬೋಟ್ ಹತ್ತದೋರೂ ಏರಿ ಮೇಲೆ ಫೋನ್ ಎತ್ತಿ ಹಿಡ್ಕೊಂಡು ಓಡಾಡ್ತಿದ್ರು.

ಬೋಟ್ ನೋಡ್ಕೊಳ್ಳೋನು ನಾನು. ತೂಬು ನೋಡ್ಕೊಳ್ಳೋನೂ ನಾನೇ. ಏರಿ ಒಳಗಿಂದ ನೀರು ಬಿಡೋ ದಾರಿಗೆ ತೂಬು ಅಂತೀವಿ. ಅದನ್ನ ತೆಗೆಯಕ್ಕೆ ಮೇಲೆ ಒಂದು ಚಕ್ರ ಇತ್ತು, ನಾವು ಸ್ಟೇರಿಂಗ್ ಅಂತಿದ್ವಿ. ಕಂಡೋರು ತಿರುಗಿಸಬಾರ್ದು ಅಂತ ಚೈನ್ ಹಾಕಿ ಬೀಗ ಹಾಕಿದ್ರು. ಆ ಬೀಗದ ಚಾವಿ ಮೂರು ವರ್ಷ ನನ್ನ ಉಡಿದಾರದಲ್ಲಿತ್ತು. ಬೆಳಿಗ್ಗೆ ಸಾಹುಕಾರ್ರು ಜಗಲೀಲಿ ಕೂತು ಕೇಳೋರು, "ಏನಾ, ನೀರೆಷ್ಟು?" ನಾನು ಹೇಳ್ತಿದ್ದೆ. "ಬಿಡಾಣನಾ?" ಅನ್ನೋರು. "ಬ್ಯಾಡ, ನಾಳೆ ನೋಡಾಣ" ಅಂದ್ರೆ ಅವತ್ತು ಬಿಡ್ತಿರ್ಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನು ನಾನು. ನನ್ನ ಮಾತು ನಡೀತಿದ್ದ ಜಾಗ ಅದೊಂದೇ.

ಒಂದು ಸಲ ಯಾರೋ ಹೇಳಿದ್ರು, ಜನ ಬೋಟಲ್ಲಿ ಕೂರ್ತಾರೆ, ಕೆಳಗೆ ಲೈನ್ ಮನೆ ಇದೆ, ಡ್ಯಾಂ ಗಟ್ಟಿ ಇದೆಯಾ ಅಂತ ತೋರ್ಸಿ ಅಂತ. ಲೈನ್ ಅಂದ್ರೆ ಎಸ್ಟೇಟಿನ ಆಳುಗಳ ಮನೆ, ಸಾಲಿಗೆ ಏಳು. ಕೊನೇದ್ರಲ್ಲಿ ನಾನು, ಅವ್ವ. ಸಾಹುಕಾರ್ರು ಒಬ್ರು ರಿಟೈರ್ಡ್ ಇಂಜಿನಿಯರನ್ನ ಕರ್ಸಿದ್ರು. ಅವರು ಛತ್ರಿ ಊರ್ಕೊಂಡು ಇಡೀ ಏರಿ ನಡೆದ್ರು. ಏಡಿ ಗುಂಡಿ ಎಣಿಸಿದ್ರು. ಏರಿ ಮೇಲೆ ಬೆಳೆದಿದ್ದ ಎರಡು ಮರ ಕಡ್ಸಿ ಅಂದ್ರು. ಬುಡದ ಒಸರಿನ ಹತ್ರ ಕೂತು ಒಂದು ಗ್ಲಾಸಲ್ಲಿ ನೀರು ಹಿಡ್ದು ಬೆಳಕಿಗೆ ನೋಡಿದ್ರು.

"ತಿಳಿಯಾಗಿದೆ" ಅಂದ್ರು. "ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಒಸರ್ತದೆ. ತಿಳಿಯಾಗಿ ಬರೋ ತನಕ ಹೆದರಿಕೆ ಇಲ್ಲ. ಕೆಂಪಗೆ ಬಂದ್ರೆ, ಇಲ್ಲ ಅಳತೆ ಜಾಸ್ತಿ ಆದ್ರೆ ನಂಗೆ ಹೇಳಿ. ದಿನಾ ಬರ್ದಿಡಕ್ಕೆ ಓದಿದ ಹುಡುಗ ಒಬ್ಬ ಬೇಕು."

ಓದಿದ ಹುಡುಗ. ನಾನು ಅಲ್ಲೇ ಪಕ್ಕದಲ್ಲಿ ಅವರ ಚಪ್ಪಲಿ ಹಿಡ್ಕೊಂಡು ನಿಂತಿದ್ದೆ.

ಹದಿನೈದು ದಿನಕ್ಕೆ ಅವನು ಬಂದ. ಶೃಂಗೇರಿ ಹತ್ರ ಮೆಣಸೆಯೋನು. ಸಿವಿಲ್ ಡಿಪ್ಲೊಮ ಮಾಡಿದ್ದ. ನನ್ನ ವಯಸ್ಸೇ. ಇಸ್ತ್ರಿ ಶರ್ಟು, ಕೈಗೆ ವಾಚು, ಜೇಬಲ್ಲಿ ಫೋನು. ಅವತ್ತೇ ಸಾಹುಕಾರ್ರು ನನ್ನ ಕರ್ದು, "ಚಾವಿ ಇವನ ಹತ್ರ ಇರ್ಲಿ ಕಣಾ, ನೀನು ಬೋಟ್ ನೋಡ್ಕ" ಅಂದ್ರು. ಬಿಚ್ಚಿ ಕೊಟ್ಟೆ. ಅವನು ಅದನ್ನ ಕೀ ಬಂಚಿಗೆ ಹಾಕ್ಕೊಂಡ, ಬೈಕ್ ಚಾವಿ ತರ.

ಮಾರನೇ ದಿನ ಜಗಲೀಲಿ ಸಾಹುಕಾರ್ರು, "ನೀರೆಷ್ಟು?" ಅಂತ ಕೇಳಿದ್ರು. ನಾನು ಬಾಯಿ ತೆಗ್ದೆ. ಅವರು ನೋಡ್ತಾ ಇದ್ದಿದ್ದು ಅವನನ್ನ.

ಅವಂಗೆ ಕುರ್ಚಿ. ನಂಗೆ ಮೆಟ್ಲು. ಅವಂಗೆ ಕಾಫಿ ಒಳಗಿಂದ ಬರ್ತಿತ್ತು, ನಂಗೆ ಹಿತ್ಲಿಗೆ ಹೋಗಿ ಕುಡ್ಕೊಂಡು ಬರ್ಬೇಕು. ಬೋಟಿಗೆ ಬಂದೋರು ಅವನನ್ನ "ಸರ್" ಅಂತಿದ್ರು. ನನ್ನ "ಏಯ್, ಬೋಟ್" ಅಂತಿದ್ರು. ಇದೆಲ್ಲ ಹೋಗ್ಲಿ ಅತ್ಲಾಗೆ. ಮನೇಲಿ ಅವ್ವನೂ ಶುರು ಮಾಡಿದ್ಲು.

"ಆ ಹುಡುಗ ನಮ್ಮ ಬಾಗ್ಲಿಗೆ ಬಂದಿದ್ದ ಕಣಾ" ಅಂದ್ಲು ಒಂದು ದಿನ. "ಲೈನಿನ ಎಲ್ರ ಮನೆಗೂ ಬಂದ. ಡ್ಯಾಮಿಗೆ ಏನಾದ್ರೂ ಆದ್ರೆ ಯಾವ ಕಡೆ ಓಡ್ಬೇಕು ಅಂತ ತೋರ್ಸಿ ಹೋದ. ಮಾತು ಎಷ್ಟು ತಣ್ಣಗೆ."

"ಡ್ಯಾಮಿಗೆ ಎಂತ ಆಗ್ತದೆ?"

"ಏನೂ ಆಗಲ್ಲ, ಆದ್ರೂ ತಿಳ್ಕೊಂಡಿರಿ ಅಂದ. ನಾಲ್ಕು ಕಡುಬು ಕೊಟ್ಟೆ. ಕೂತು ತಿಂದ. ನೀನು ಯಾವತ್ತಾದ್ರೂ ಅದು ಚಲೋ ಆಗಿದೆ ಅಂತ ಹೇಳಿದೀಯೇನಾ?"

ನಾನು ಅವತ್ತು ರಾತ್ರಿ ಉಣ್ಲಿಲ್ಲ. ನಂಗೆ ಅಂತ ಇಟ್ಟಿದ್ದ ಕಡುಬು ಅದು.

ನಮ್ಮ ಕಡೆ ಕಟ್ಟ ಅಂತ ಒಂದು ಇದೆ. ಮಳೆ ನಿಂತ ಮೇಲೆ ಹಳ್ಳಕ್ಕೆ ಅಡ್ಡ ಗೂಟ ಹೊಡ್ದು, ಸೊಪ್ಪು ಹಾಕಿ, ಜೇಡಿ ಮೆತ್ತಿ ನೀರು ನಿಲ್ಸೋದು. ಸೊಂಟದೆತ್ತರ ಇರ್ತದೆ. ಮಳೆಗಾಲದಲ್ಲಿ ಕೊಚ್ಚಿ ಹೋಗ್ತದೆ, ಮತ್ತೆ ಮುಂದಿನ ವರ್ಷ ಕಟ್ತಾರೆ. ನಮ್ಮಪ್ಪ ಇದ್ದಾಗ ಕಟ್ಟ ಕಟ್ಟಕ್ಕೆ ಅವನನ್ನೇ ಕರೀತಿದ್ರು. ಕಟ್ಟಿ ಮುಗಿದ ಮೇಲೆ ಊರೋರು ಹಿಂದೆ ಬಂದು ನೋಡೋದು ಒಂದು ಪದ್ಧತಿ. ಹಿಂದೆ ಒಣಗಿದ್ರೆ ಕಟ್ಟಿದೋನಿಗೆ ಮರ್ಯಾದೆ. ಸೋರಿದ್ರೆ ಮುಗೀತು. "ನಿನ್ನ ಕಟ್ಟ ಉಚ್ಚೆ ಹೊಯ್ತಾ ಇದೆ ನೋಡಾ" ಅಂತ ಅಂಗಡಿ ಕಟ್ಟೇಲಿ ಮುಂದಿನ ವರ್ಷದ ತನಕ ಆಡ್ಕೊಳ್ತಾರೆ. ಹಂಗಾಗಿ ಸೋರೋ ಜಾಗ ಕಂಡ್ರೆ ಮುಂದಿಂದ ಆಗ್ಲಿ ಹಿಂದಿಂದ ಆಗ್ಲಿ, ಜೇಡಿ ತಂದು ಬಡಿಯೋದು. ನಾನು ಅದನ್ನೇ ನೋಡಿ ಬೆಳೆದೋನು.

ಈ ಮೆಣಸೆಯೋನು ಸೋರಿದ್ದನ್ನ ಮುಚ್ಚೋದು ಬಿಟ್ಟು ಬಾಟ್ಲೀಲಿ ಹಿಡ್ದು ಬರೀತಿದ್ದ. ಆ ಪುಸ್ತಕ ನೋಡಿ ಸಾಹುಕಾರ್ರು ತಲೆ ಆಡಿಸ್ತಿದ್ರು. ನಂಗೆ ತಡೀಲಿಲ್ಲ. ಒಂದ್ಸಲ ಕೇಳೇ ಬಿಟ್ಟೆ.

"ಎಂತಕ್ಕೆ ಅಳೀತೀಯ ಮಾರಾಯ? ಮಾರಕ್ಕಾ?"

ಅವನು ನಕ್ಕ. "ಮುಚ್ಚಿದ್ರೆ ನೀರು ಬೇರೆ ದಾರಿ ಹುಡುಕ್ತದೆ ಮಾರಾಯ. ಇಲ್ಲಿ ಬಂದ್ರೆ ನಮ್ಮ ಕಣ್ಣ ಮುಂದೆ ಇರ್ತದೆ."

"ನಮ್ಮಪ್ಪ ಇದ್ದಿದ್ರೆ ಅರ್ಧ ಗಂಟೇಲಿ ನಿಲ್ಸಿರೋನು."

"ಕಟ್ಟ ಬೇರೆ, ಇದು ಬೇರೆ" ಅಂದು ವಾಚ್ ನೋಡಿದ.

ಅವನು ಹಂಗೆ ಹೇಳಿದ್ದಕ್ಕೇ ಮುಚ್ಚಿದ್ದು. ಅವನಿಗಿಂತ ನಂಗೆ ಗೊತ್ತು ಅಂತ ಸಾಹುಕಾರ್ರಿಗೆ ಗೊತ್ತಾಗ್ಬೇಕು, ಚಾವಿ ವಾಪಸ್ ಬರ್ಬೇಕು. ಎರಡು ದಿನ ಒಣಗಿರ್ಲಿ, ಆಮೇಲೆ ನಾನೇ ಹೋಗಿ ಹೇಳ್ತೀನಿ, ಒಂದು ತಿಂಗಳಿಂದ ಇವನು ಬರ್ಕೊಂಡು ಕೂತಿದ್ದನ್ನ ನಾನು ಆರು ಬಾಂಡ್ಲೀಲಿ ಮುಗಿಸ್ದೆ ಅಂತ. ಹಂಗೆ ಲೆಕ್ಕ ಹಾಕಿದ್ದೆ.

ಮಾರನೇ ಬೆಳಿಗ್ಗೆ ಅವನು ಬಾಟ್ಲಿ ಹಿಡ್ಕೊಂಡು ಕುಕ್ಕರುಗಾಲಲ್ಲಿ ಕೂತ. ನಾನು ಏರಿ ಮೇಲಿಂದ ನೋಡ್ತಿದ್ದೆ. ಐದು ನಿಮಿಷ ಕೂತ. ಪೈಪಿಗೆ ಬೆರಳು ಹಾಕಿ ನೋಡ್ದ. ಎದ್ದು ಮೇಲೆ ಬಂದ.

"ಇಲ್ಲಿ ಯಾರಾದ್ರೂ ಕೈ ಹಾಕಿದ್ರಾ?"

"ದನ ಇಳಿದಿದ್ವು ನಿನ್ನೆ. ತುಳಿದಿರ್ಬೇಕು" ಅಂದೆ. "ಚಳಿ ಬಿದ್ರೆ ಒಸರು ನಿಲ್ತದೆ ಬಿಡು."

ಅವನು ಸೀದಾ ಜಗಲಿಗೆ ಹೋದ. ನಾನೂ ಹಿಂದೆ ಹೋದೆ, ಬೋಟಿನ ಹಗ್ಗ ಬೇಕು ಅನ್ನೋ ನೆಪದಲ್ಲಿ.

"ಸರ್, ಒಸರು ಪೂರ್ತಿ ನಿಂತಿದೆ" ಅಂದ.

"ಒಳ್ಳೇದಾಯ್ತಲ್ಲ" ಅಂದ್ರು ಸಾಹುಕಾರ್ರು.

"ಒಳ್ಳೇದಲ್ಲ ಸರ್. ನೀರು ಅಷ್ಟೇ ಇದೆ. ಹೊರಗೆ ಬರ್ತಿಲ್ಲ ಅಂದ್ರೆ ಒಳಗೆ ಎಲ್ಲೋ ನಿಲ್ತಾ ಇದೆ. ಸ್ವಲ್ಪ ಕೆದ್ರಿ ನೋಡ್ಬೇಕು. ನೀರೂ ಎರಡಡಿ ಇಳಿಸಾಣ."

ಸಾಹುಕಾರ್ರು ಪೇಪರ್ ಕೆಳಗಿಟ್ರು. "ಅಲ್ಲ ಮಾರಾಯ, ಸೋರಿದ್ರೂ ತಪ್ಪು, ಸೋರ್ದಿದ್ರೂ ತಪ್ಪು. ಡ್ಯಾಂ ನಿನ್ನ ಕೇಳಿ ಸೋರ್ಬೇಕಾ? ವರ್ಷದ ಕೊನೆ ವಾರ, ರೂಮೆಲ್ಲ ಬುಕ್ ಆಗಿದೆ. ಎರಡಡಿ ಇಳಿಸಿದ್ರೆ ಬೋಟ್ ಕೆಸರಲ್ಲಿ ಓಡಿಸ್ತೀಯಾ? ಹೊಸ ವರ್ಷ ಕಳೀಲಿ. ಈಗ ಎಲ್ಲೂ ಕೆದ್ರಬ್ಯಾಡ."

ಅಡುಗೆಯೋನು ಒಳಗಿಂದ ನಕ್ಕ. ಮೆಣಸೆಯೋನ ಮುಖ ಕೆಂಪಾಯ್ತು. ಅದನ್ನ ನೋಡೋ ಸುಖದಲ್ಲಿ ನಾನೇ ಮುಚ್ಚಿದ್ದು ಅಂತ ಹೇಳಕ್ಕೆ ಬಾಯೇ ಬರ್ಲಿಲ್ಲ. ಹೇಳಿದ್ರೆ ಈ ಬೈಸ್ಕೊಳ್ಳೋದು ಮುಗ್ದು ಹೋಗ್ತದೆ. ಇನ್ನೆರಡು ದಿನ ನಡೀಲಿ ಅಂದ್ಕೊಂಡೆ.

ನಾಲ್ಕು ದಿನ ನಡೀತು. ಅವನು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಒಂದು ಕೋಲು ಹಿಡ್ಕೊಂಡು ಏರಿ ಹಿಂದೆ ಹುಲ್ಲಿಗೆ ಚುಚ್ಚಿ ಚುಚ್ಚಿ ನೋಡ್ತಿದ್ದ. "ಎಂತ ಕಳ್ಕೊಂಡಿದೀಯಾ?" ಅಂತ ನಾನು ಮೇಲಿಂದ ಕೂಗ್ತಿದ್ದೆ. ಬೋಟಲ್ಲಿದ್ದ ಜನರೂ ನಗ್ತಿದ್ರು. ಅವನು ಕೈ ಎತ್ತಿ ಮತ್ತೆ ಚುಚ್ಚಕ್ಕೆ ಹೋಗ್ತಿದ್ದ.

ಐದನೇ ದಿನ ಭಾನುವಾರ. ಬೋಟ್ ಒರೆಸಕ್ಕೆ ಬೆಳಿಗ್ಗೆ ಬೇಗ ಬಂದೆ. ಏರಿ ಹಿಂದಿನ ಇಳಿಜಾರಲ್ಲಿ ಇಳಿದು ಬರೋದು ನನ್ನ ಅಡ್ಡದಾರಿ. ಅರ್ಧ ಇಳಿದಿದ್ದೆ, ಕಾಲು ಹೂತ್ಕೊಂತು. ನೋಡಿದ್ರೆ ಒಂದು ಚಾಪೆ ಅಗಲದಷ್ಟು ಹುಲ್ಲು ಒದ್ದೆ. ಬುಡದಲ್ಲಲ್ಲ, ನಾನು ಮುಚ್ಚಿದ ಜಾಗಕ್ಕಿಂತ ಒಂದಾಳು ಮೇಲೆ. ಅಲ್ಲಿಂದ ಸಣ್ಣಗೆ ನೀರು ಇಳೀತಿತ್ತು. ಕೆಂಪು ನೀರು.

ಇಂಜಿನಿಯರ್ ಹೇಳಿದ್ದು ನಂಗೆ ನೆನಪಿತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ. ಆಗ್ಲೇ ಹೋಗಿ ಅವಂಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹೇಳಿದ್ರೆ ಬುಡ ಅಗೀತಾನೆ, ನನ್ನ ಜೇಡಿ ಸಿಗ್ತದೆ. ಅದೂ ಅಲ್ದೆ, ಇದು ಕಾಣೋದು ಅವನ ಕೆಲಸ, ಅವನಿಗೇ ಕಾಣ್ಲಿ, ಕಾಣ್ದೆ ಇದ್ರೆ ಅವನದ್ದೇ ತಪ್ಪು ಅಂತ ಅನ್ನಿಸ್ತು. ಹೋಗಿ ಬೋಟ್ ಬಿಚ್ಚಿದೆ. ಒಂಬತ್ತು ಗಂಟೆಗೆ ಜನ ಬಂದ್ರು. ಎರಡು ಬೋಟ್ ನೀರಿಗೆ ಬಿಟ್ಟೆ. ಒಂದ್ರಲ್ಲಿ ಅಪ್ಪ ಅಮ್ಮ ಎರಡು ಮಕ್ಕಳು. ಮಕ್ಕಳ ಲೈಫ್ ಜಾಕೆಟ್ ದಾರ ನಾನೇ ಕಟ್ದೆ.

ಮನಸ್ಸು ತಡೀದೆ ಇನ್ನೊಂದ್ಸಲ ಹಿಂದೆ ಹೋಗಿ ನೋಡ್ದೆ. ಒದ್ದೆ ಜಾಗದಿಂದ ಒಂದು ಬುಟ್ಟಿಯಷ್ಟು ಮಣ್ಣು ಹುಲ್ಲಿನ ಸಮೇತ ಜಾರಿತ್ತು. ನೀರು ಕೆಂಪಗೆ, ದಪ್ಪಗೆ ಬರ್ತಿತ್ತು. ಅಲ್ಲಿಂದ ಕೆಳಗೆ ನೋಡಿದ್ರೆ ಲೈನಿನ ಹಂಚು ಕಾಣ್ತದೆ. ಹಳ್ಳದ ಕಲ್ಲಿನ ಮೇಲೆ ಅವ್ವ ಕಂಬಳಿ ಹಾಕಿ ತುಳೀತಿದ್ಲು. ಭಾನುವಾರ ಅವಳು ಕಂಬಳಿ ಒಗೆಯೋ ದಿನ.

ಆಮೇಲೆ ಓಡ್ದೆ. ಅವನು ತೂಬಿನ ಹತ್ರ ಎಂತದೋ ಬರೀತಾ ನಿಂತಿದ್ದ.

"ಬಾ ಇಲ್ಲಿ" ಅಂದೆ. ಅವನು ನನ್ನ ಮುಖ ನೋಡಿದ್ದೇ ಪುಸ್ತಕ ಅಲ್ಲೇ ಹಾಕಿ ಬಂದ.

ಕೂತು ಅಂಗೈಯಲ್ಲಿ ನೀರು ಹಿಡ್ದ. ಬೆರಳಲ್ಲಿ ಉಜ್ಜಿ ನೋಡ್ದ. "ಬೋಟ್ ವಾಪಸ್ ಕರಿ. ಯಾರನ್ನೂ ಏರಿ ಮೇಲೆ ಬಿಡ್ಬ್ಯಾಡ. ಆಮೇಲೆ ಲೈನಿಗೆ ಹೋಗಿ ಎಲ್ರನ್ನೂ ಮೇಲಿನ ಕಣಕ್ಕೆ ಕಳ್ಸು. ಹೆದರ್ಸಬ್ಯಾಡ, ಆದ್ರೆ ಯಾರೂ ಸಾಮಾನು ತಗೊಳ್ಳಕ್ಕೆ ನಿಲ್ಬಾರ್ದು" ಅಂದ. ಅಷ್ಟು ಹೇಳಿ ತೂಬಿನ ಕಡೆ ಓಡ್ದ.

ಬೋಟ್ ಕರ್ದೆ. ಮಕ್ಕಳು ಇನ್ನೊಂದು ರೌಂಡು ಅಂತ ಅತ್ವು. ಲೈನಿಗೆ ಹೋಗೋ ಹೊತ್ತಿಗೆ ಅಲ್ಲಿ ಯಾರಿಗೂ ಹೆಚ್ಚು ಹೇಳೋದು ಬೇಕಾಗ್ಲಿಲ್ಲ. ಅವನು ಮೊದ್ಲೇ ತೋರ್ಸಿದ್ದ ದಾರೀಲೇ ಹೊರಟ್ರು. ಅವ್ವ ಕಂಬಳಿ ಹಿಂಡಬೇಕು ಅಂದ್ಲು. ಕೈ ಹಿಡಿದು ಎಳ್ದೆ.

ವಾಪಸ್ ಬಂದ್ರೆ ಅವನು ಸ್ಟೇರಿಂಗ್ ಹಿಡ್ದು ಜಗ್ಗಾಡ್ತಿದ್ದ. ತುಕ್ಕು ಹಿಡ್ದು ಎರಡು ಸುತ್ತು ತಿರುಗಿ ನಿಂತಿತ್ತು. ಸಾಹುಕಾರ್ರೂ ಬಂದಿದ್ರು, ಪಂಚೆ ಎತ್ತಿ ಕಟ್ಟಿ.

"ಪೂರ್ತಿ ಖಾಲಿ ಮಾಡ್ಬೇಕೇನಾ? ಒಂದು ವಾರ ತಡಿಯಲ್ವಾ?" ಅಂತಿದ್ರು.

"ತಡಿಯಲ್ಲ ಸರ್" ಅಂದ ಅವನು, ತಿರುಗಿಯೂ ನೋಡದೇನೇ. "ಮಾರಾಯ, ಈ ಕಡೆ ಹಿಡಿ."

ಇಬ್ರೂ ಹಿಡ್ದು ತಿರುಗಿಸಿದ್ವಿ. ಆ ಚಕ್ರ ಎಲ್ಲಿ ಹಿಡಿದ್ಕೊಳ್ತದೆ, ಎಲ್ಲಿ ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೀಬೇಕು ಅಂತ ನಂಗೆ ಗೊತ್ತಿತ್ತು. ತೂಬು ತೆಗೀತು. ಕೆಳಗೆ ಕಾಲುವೇಲಿ ನೀರು ಸದ್ದು ಮಾಡ್ತು. ಆಗ ಅವನು ಸಾಹುಕಾರ್ರ ಕಿವಿಗೆ ಬೀಳದಂಗೆ ಮೆಲ್ಲಗೆ ಹೇಳ್ದ, "ಬುಡದಲ್ಲಿ ಯಾರೋ ಮುಚ್ಚಿದಾರೆ."

"ನಾನೇ" ಅಂದೆ.

ಅವನು ಚಕ್ರ ಬಿಡ್ಲಿಲ್ಲ. "ಎಷ್ಟು ಹಾಕ್ದೆ?"

"ಆರು ಬಾಂಡ್ಲಿ."

"ಎಷ್ಟು ಆಳಕ್ಕೆ?"

"ಮೊಣಕೈ ತನಕ ಸೊಪ್ಪು. ಮೇಲೆ ಜೇಡಿ."

"ಈಗ್ಲೇ ಕೀಳಬ್ಯಾಡ. ನೀರು ಇಳೀಲಿ" ಅಂದ. ಅಷ್ಟೇ. ಬೈದಿದ್ರೆ ನಾನೂ ಎರಡು ಬೈದು ಹಗುರಾಗ್ತಿದ್ದೆ. ಅದಕ್ಕೂ ಅವನು ಅವಕಾಶ ಕೊಡ್ಲಿಲ್ಲ.

ಹೊಸ ಕಾಟೇಜ್ ಕಟ್ಟಕ್ಕೆ ಅಂತ ಮರಳು, ಜಲ್ಲಿ ಬಿದ್ದಿತ್ತು. ಲೈನಿನ ಗಂಡಸರೆಲ್ಲ ಅದನ್ನ ಕೆಂಪು ನೀರು ಬರೋ ಜಾಗಕ್ಕೆ ಹೊತ್ರು. ಒಬ್ಬ ಮುದುಕ ರೂಢಿ ಮೇಲೆ ಜೇಡಿ ತಂದು ಹಾಕಕ್ಕೆ ಬಂದ. "ಜೇಡಿ ಬ್ಯಾಡ ಅಜ್ಜ" ಅಂದ ಮೆಣಸೆಯೋನು. "ಮೊದ್ಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ನೀರು ಬರ್ಲಿ. ಮಣ್ಣು ಬರ್ಬಾರ್ದು." ಮುದುಕ ನನ್ನ ಕಡೆ ನೋಡ್ದ. ನಾನು ಜಲ್ಲಿ ಬಾಂಡ್ಲಿ ತಲೆ ಮೇಲೆ ಇಟ್ಕೊಂಡೆ.

ಸಂಜೆ ಹೊತ್ತಿಗೆ ನೀರು ಅರ್ಧ ಇಳಿದಿತ್ತು. ಕಲ್ಲಿನ ಸಂದೀಲಿ ಬರ್ತಿದ್ದ ನೀರು ತಿಳಿಯಾಯ್ತು. ಏರಿ ನಿಲ್ತು. ಬೋಟ್ ನಾಲ್ಕೂ ಕೆಸರಲ್ಲಿ ಓರೆಯಾಗಿ ಬಿದ್ದಿದ್ವು. ಹೋಂಸ್ಟೇಲಿದ್ದೋರು ಗಾಡಿ ತಿರುಗಿಸಿ ಹೋಗಿದ್ರು.

ಸಾಹುಕಾರ್ರಿಗೆ ಸಿಟ್ಟು ಬಂದಿದ್ದು ಆಗ. ಎಲ್ರ ಮುಂದೆ ಅವನನ್ನ ಹಿಡ್ಕೊಂಡ್ರು. "ದಿನಾ ಬಾಟ್ಲಿ ಹಿಡ್ದು ಎಂತ ಕಿಸಿದೆ? ನಿನ್ನ ಪುಸ್ತಕದಲ್ಲಿ ಇದು ಇತ್ತಾ? ಇವನು ನೋಡ್ದೆ ಇದ್ದಿದ್ರೆ?" ಇವನು ಅಂದ್ರೆ ನಾನು.

ಒಸರು ನಿಂತಾಗ್ಲೇ ಹೇಳಿದ್ದೆ ಅಂತ ಅವನು ಅನ್ಬೋದಿತ್ತು. ನನ್ನ ಕಡೆ ಬೆರಳು ತೋರ್ಸಬೋದಿತ್ತು. "ಇವತ್ತು ಇವನೇ ನೋಡಿದ್ದು ಸರ್" ಅಂದ. ಸಾಹುಕಾರ್ರು ಕೈ ಚಾಚಿದ್ರು. ಅವನು ಕೀ ಬಂಚಿಂದ ಚಾವಿ ಬಿಡಿಸಿ ಕೊಟ್ಟ. ಅವರು ಅದನ್ನ ನಂಗೆ ಕೊಟ್ರು.

ಲೈನಿನ ಜನ ಬೆನ್ನು ತಟ್ಟಿದ್ರು. ಅವ್ವ ಅಳ್ತಿದ್ಲು. ಉಡಿದಾರಕ್ಕೆ ಚಾವಿ ಕಟ್ಕೊಂಡು ಮಲಗ್ದೆ. ನಂಗೆ ಬೇಕಾಗಿದ್ದು ಸಿಕ್ಕಿತ್ತು.

ಮಾರನೇ ದಿನ ಅವನನ್ನ ಒಬ್ಬನೇ ಸಿಕ್ಕಾಗ ಕೇಳ್ದೆ, "ಎಂತಕ್ಕೆ ಹೇಳ್ಲಿಲ್ಲ?"

"ನಿಮ್ಮವ್ವ ಲೈನಲ್ಲಿ ಇದಾರಲ್ಲ ಮಾರಾಯ. ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ತಾರೆ?" ಅಂದ.

ನಮ್ಮವ್ವನ ಚಿಂತೆ ನಂಗಿಂತ ಮೊದ್ಲು ಇವನಿಗೆ ಬಂದಿತ್ತು. ಮುಚ್ಚೋವಾಗ ನಂಗೆ ಅವ್ವ ನೆನಪಾಗಿರ್ಲಿಲ್ಲ. ಕಡುಬು ನೆನಪಾಗಿತ್ತು. ಅವತ್ತಿಂದ ಚಾವಿ ಸೊಂಟದಲ್ಲಿ ಚುಚ್ಚಕ್ಕೆ ಶುರುವಾಯ್ತು. ಮೊದ್ಲೂ ಅದೇ ಜಾಗದಲ್ಲಿತ್ತು, ಆಗ ಚುಚ್ತಿರ್ಲಿಲ್ಲ.

ಎಂಟು ದಿನ ಕಳ್ದು ಇಂಜಿನಿಯರ್ ಬಂದ್ರು. ನೀರು ಕೆಳಗಿತ್ತು. ಬುಡ ಅಗೆಸಿದ್ರು. ಜೇಡಿ, ಕೊಳೆತ ಸೊಪ್ಪು ಹೊರಗೆ ಬಂತು. ವಾಸನೆ ಹೊಡೀತಿತ್ತು.

"ಇದು ದನ ತುಳಿದಿದ್ದಲ್ಲ" ಅಂದ್ರು. "ಯಾರು ಮುಚ್ಚಿದ್ದು?"

ಸಾಹುಕಾರ್ರು ಮೆಣಸೆಯೋನ ಕಡೆ ನೋಡಿದ್ರು. ಅವನು, "ಕಟ್ಟ ಕಟ್ಟಿ ರೂಢಿ ಇದ್ದೋರಿಗೆ ಸೋರೋದು ಕಂಡ್ರೆ ಮುಚ್ಚೋಣ ಅನ್ಸತ್ತೆ ಸರ್. ಯಾರಾದ್ರೂ ಮುಚ್ಚಿರ್ಬೋದು. ಅದು ಮಾಡ್ಬಾರ್ದು ಅಂತ ನಾನು ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು. ತಪ್ಪು ನಂದೇ" ಅಂದ.

ಇಂಜಿನಿಯರ್ ಅವನ ಹೆಗಲ ಮೇಲೆ ಕೈ ಇಟ್ರು. ಮಗನ ಹೆಗಲ ಮೇಲೆ ಇಡೋ ತರ.

ನಂಗೆ ಅದು ತಡೀಲಿಲ್ಲ. ಓದು ಅವನದ್ದು, ಕುರ್ಚಿ ಅವನದ್ದು, ಅವ್ವನ ಹತ್ರ ಒಳ್ಳೆ ಮಾತೂ ಅವನದ್ದು. ಈಗ ನನ್ನ ತಪ್ಪನ್ನೂ ತಗೊಂಡು ದೊಡ್ಡೋನಾಗ್ತಿದಾನೆ. ಅದು ನಂದು. ನಾನು ಬೆವರು ಸುರಿಸಿ ಮಾಡಿದ್ದು. ಅದನ್ನಾದ್ರೂ ಬಿಡಲ್ಲ ಅನ್ನಿಸ್ತು.

"ನಾನು ಮುಚ್ಚಿದ್ದು" ಅಂದೆ. "ಗೊತ್ತಿದ್ದೇ ಮುಚ್ಚಿದ್ದು. ಬ್ಯಾಡ ಅಂತ ಇವನು ಹೇಳಿದ್ದ. ಕೆಂಪು ನೀರು ಬಂದಿದ್ದೂ ನಂಗೆ ಬೆಳಿಗ್ಗೇನೇ ಕಂಡಿತ್ತು. ಇವನಿಗೆ ಹೇಳಕ್ಕೆ ಮನಸ್ಸು ಬರ್ಲಿಲ್ಲ. ಬೋಟ್ ಬಿಟ್ಟೆ."

ಸಾಹುಕಾರ್ರು ತಿರುಗಿ ಕೆಳಗೆ ಲೈನ್ ಕಡೆ ನೋಡಿದ್ರು.

"ನಿಮ್ಮವ್ವ ಅಲ್ಲೇ ಇದ್ಲಲ್ಲನಾ" ಅಂದ್ರು.

"ಹೌದು" ಅಂದೆ.

"ಚಾವಿ ತೆಗಿ."

ಅಂಗಿ ಎತ್ತಿ ಉಡಿದಾರದಿಂದ ಬಿಚ್ಚಿದೆ. ಗಂಟು ಬೇಗ ಬರ್ಲಿಲ್ಲ. ಎಲ್ರೂ ನೋಡ್ತಾ ನಿಂತಿದ್ರು. ಸಾಹುಕಾರ್ರು ಅದನ್ನ ಅವನ ಕೈಗೆ ಹಾಕಿ, "ನಾಳೆಯಿಂದ ನೀನು ಈ ಕಡೆ ಬರ್ಬ್ಯಾಡ. ನಿಮ್ಮವ್ವ ಇರ್ಲಿ" ಅಂದ್ರು. ಅವ್ವ ಇರ್ಲಿ ಅಂತ ಅವರು ತಾವಾಗೇ ಹೇಳಿದ್ರಾ, ಇವನು ಮೊದ್ಲೇ ಹೇಳಿಟ್ಟಿದ್ನಾ, ನಂಗೆ ಗೊತ್ತಿಲ್ಲ. ಕೇಳಕ್ಕೂ ಹೋಗ್ಲಿಲ್ಲ.

ಅವತ್ತೇ ಸಂಜೆ ಬಸ್ಸು ಹತ್ತಿದೆ. ಈಗ ಎನ್.ಆರ್.ಪುರದಲ್ಲಿ ಮರದ ಮಿಲ್ಲಲ್ಲಿ ಇದೀನಿ. ಡ್ಯಾಮಲ್ಲಿ ಈಗ ನೀರು ಮೊದಲಿನಷ್ಟು ನಿಲ್ಸಲ್ಲ, ಎರಡೇ ಬೋಟ್ ಬಿಡ್ತಾರೆ, ಒಸರು ತಿಳಿಯಾಗಿದೆ ಅಂತ ಅವ್ವ ಹೇಳ್ತಾಳೆ. ಹೋದಾಗೆಲ್ಲ ಅವನ ಸುದ್ದಿ ತೆಗೀತಾಳೆ. ಅವನು ತಪ್ಪು ಮಾಡಿಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ಆದ್ರೂ ಆ ಹೆಸರು ಕೇಳಿದ್ರೆ ಹೊಟ್ಟೆ ಉರೀತದೆ, ಇವತ್ತಿಗೂ. ಇಷ್ಟೇ. ಇನ್ನು ನನ್ನ ಹತ್ರ ಹೇಳಕ್ಕೆ ಎಂತದೂ ಇಲ್ಲ.